ಮುದ್ರೆ ಬಿದ್ದ ಯಂತ್ರ ಮತ್ತು ಸವೆದ ಬೆರಳು

ತಿಕೋಟಾ ಮತ್ತು ಬಬಲೇಶ್ವರಗಳ ನಡುವಿನ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬಹುದಾದದ್ದು. ಬೇರೆ ಕೆಲಸಕ್ಕೆಂದು ಹೋಗಿದ್ದ ನಾವು ನ್ಯಾಯಬೆಲೆ ಅಂಗಡಿಯ ಮುಂದೆ ಹಚ್ಚಿದ್ದ ಪಾಳಿಯನ್ನು ನೋಡಿ ನಿಂತೆವು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಅಂಗಡಿಯ ಕಟ್ಟೆಯ ಮೇಲಿದ್ದ ಪುಟ್ಟ ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಒತ್ತುತ್ತಿದ್ದಳು. ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. ಸೆರಗಿನಿಂದ ಬೆರಳು ಒರೆಸಿ ಮತ್ತೆ ಒತ್ತಿದಳು. ತೋರುಬೆರಳು ಇಟ್ಟಳು. ಎಡಗೈ ಇಟ್ಟಳು. ಮತ್ತೆ ಕೆಂಪು.

"ಆಯಿ, ನಿನ್ನ ಬೆರಳ ಹೊಂದವಲ್ದು, ನಾಳಿಗೆ ಬಾ" ಎಂದ ಅಂಗಡಿಯವ.

"ನಿನ್ನೀನೂ ಹಿಂಗ ಅಂದಿ. ಇದು ನನ್ನ ಬೆರಳಲ್ಲಂದ್ರ ಮತ್ತ ಯಾರದಪಾ?"

"ನಾ ಏನ್ ಮಾಡ್ಲಿ? ಮಷೀನ ಸರಕಾರದ್ದು. ಅದರ ಮ್ಯಾಲ ಶಿಕ್ಕಾ ಐತಿ. ಅದು ಸುಳ್ಳು ಹೇಳೂದಿಲ್ಲ."

ಅಂಗಡಿಯವನು ಕೆಟ್ಟವನಲ್ಲ. ಆ ಅಜ್ಜಿಯನ್ನು ಅವನು ಹುಟ್ಟಿದಾಗಿನಿಂದ ಬಲ್ಲ. ಅವಳು ದ್ರಾಕ್ಷಿ ತೋಟಗಳಲ್ಲಿ, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಎಷ್ಟು ವರ್ಷ ದುಡಿದಳು, ಆ ಬೆರಳಿನ ಗೆರೆಗಳು ಯಾಕೆ ಸವೆದವು ಎಂಬುದೂ ಅವನಿಗೆ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇಲ್ಲಿ ಅಂಗೈಯನ್ನೇ ನಂಬದೆ ಕನ್ನಡಿಯನ್ನು ಕೇಳುವ ಕಾಲ ಬಂದಿದೆ. ಅಜ್ಜಿ ಖಾಲಿ ಚೀಲ ಹಿಡಿದು ಮರಳಿದಳು. ಅಂಗಡಿಯವನ ಆ ಕೊನೆಯ ಮಾತು ಮಾತ್ರ ನಮ್ಮನ್ನು ವಿಜಯಪುರದವರೆಗೂ ಹಿಂಬಾಲಿಸಿತು: ಶಿಕ್ಕಾ ಇದೆ, ಆದ್ದರಿಂದ ಯಂತ್ರ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು?

ಇದು ತಂತ್ರಜ್ಞಾನದ ಪ್ರಶ್ನೆಯಂತೆ ಕಾಣುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ನೈತಿಕತೆಯ ಪ್ರಶ್ನೆ. ಒಂದು ವಸ್ತುವಿನ ಮೇಲೆ ಸರಕಾರ ಮುದ್ರೆ ಒತ್ತಿದಾಗ ಅದು ನಮಗೆ ಕೊಡುವ ಭರವಸೆ ಯಾವುದು? ಆ ಮುದ್ರೆ ನಮ್ಮ ವಿವೇಕದ ಹೊಣೆಯನ್ನು ಇಳಿಸುತ್ತದೆಯೇ? ಮುದ್ರೆ ಒತ್ತುವವನನ್ನು ಪರೀಕ್ಷಿಸುವವರು ಯಾರು?

ಮುದ್ರೆ ಬೇಕು, ಯಾಕೆಂದರೆ...

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮುದ್ರೆಯೇ ಬೇಡ ಎಂದು ನಾವು ವಾದಿಸುತ್ತಿಲ್ಲ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವನ ತಕ್ಕಡಿಗೂ ಇಲಾಖೆಯ ಮುದ್ರೆ ಬೇಕು. ವಿದ್ಯುನ್ಮಾನ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕೆಂಬ ನಿಯಮವಿದೆ. 2009ರ ಕಾನೂನು ಮಾಪನ ಕಾಯಿದೆ ಇರುವುದೇ ಅದಕ್ಕಾಗಿ. ಕೊಳ್ಳುವವನಿಗೆ ತಕ್ಕಡಿಯ ಒಳಗೇನಿದೆ ಎಂದು ಬಿಚ್ಚಿ ನೋಡಲು ಬರುವುದಿಲ್ಲ. ಅವನ ಪರವಾಗಿ ಯಾರಾದರೂ ನೋಡಲೇಬೇಕು.

ತೂಕ ಮತ್ತು ಅಳತೆಯಲ್ಲಿ ಮೋಸ ಮಾಡುವವರಿಗೆ ಎಚ್ಚರಿಕೆ ಕೊಡುತ್ತಲೇ ಆರಂಭವಾಗುವ ಅಧ್ಯಾಯವೊಂದು ಕುರ್‌ಆನಿನಲ್ಲಿದೆ. ಅದರ ಹೆಸರೇ 'ಅಲ್ ಮುತಫ್ಫಿಫೀನ್'. ಪ್ರವಾದಿ ಮುಹಮ್ಮದ್(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಮೇಲೆ ಒಣಗಿದ್ದ ಧಾನ್ಯ ಒಳಗೆ ತೊಯ್ದಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಿದ್ದರೆ ತೊಯ್ದದ್ದನ್ನು ಜನ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದ ಕಠಿಣ ಮಾತನ್ನು ಅವರು ಆಡಿದರು.

ತಿಕೋಟಾ ಭಾಗದ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಒಣದ್ರಾಕ್ಷಿಯ ಪೆಟ್ಟಿಗೆಯಲ್ಲಿ ಮೇಲಿನ ಪದರು ಹಸಿರಾಗಿ, ಉದ್ದವಾಗಿ, ಹೊಳೆಯುತ್ತಿದ್ದರೆ ಜಾಣ ವ್ಯಾಪಾರಿ ಅದನ್ನೇ ನೋಡುತ್ತ ಕೂರುವುದಿಲ್ಲ. ಕೈಯನ್ನು ತಳದವರೆಗೆ ಇಳಿಸುತ್ತಾನೆ. ಪರೀಕ್ಷೆ ಎಂದರೆ ಕೈಯನ್ನು ಒಳಗೆ ಹಾಕುವುದು.

ಕಂಪ್ಯೂಟರು, ಮೊಬೈಲು, ಕ್ಯಾಮೆರಾ, ಬೆರಳಚ್ಚಿನ ಯಂತ್ರಗಳಲ್ಲಿ ಸಾಮಾನ್ಯ ಮನುಷ್ಯನ ಕೈ ಒಳಗೆ ಇಳಿಯುವುದಿಲ್ಲ. ಅಲ್ಲಿರುವುದು ಲಕ್ಷಾಂತರ ಸಾಲುಗಳ ಸಂಕೇತಲಿಪಿ. ಆದ್ದರಿಂದ ಆ ಕೈಯನ್ನು ಸರಕಾರ ಹಾಕಬೇಕು ಎಂಬ ನಿರೀಕ್ಷೆ ನ್ಯಾಯವಾದದ್ದು. ನಮ್ಮ ದೇಶದಲ್ಲಿ ಈ ಕೆಲಸದ ದೊಡ್ಡ ಪಾಲು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಕೆಳಗಿರುವ ಎಸ್‌ಟಿಕ್ಯೂಸಿ ಎಂಬ ನಿರ್ದೇಶನಾಲಯದ್ದು. ಆಧಾರ್‌ಗೆ ಬಳಸುವ ಬೆರಳಚ್ಚು ಮತ್ತು ಕಣ್ಣುಪಾಪೆಯ ಯಂತ್ರಗಳು ಅದರ ಪ್ರಮಾಣಪತ್ರ ಪಡೆದಿರಬೇಕು. ದೂರಸಂಪರ್ಕ ಸಲಕರಣೆಗಳ ಭದ್ರತೆಗೆ ಮಾನದಂಡ ಬರೆಯುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಅಂಗಡಿಯವನು ಹೇಳಿದ 'ಶಿಕ್ಕಾ' ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಪ್ರಯೋಗಾಲಯ, ಇಂಜಿನಿಯರರು, ನಿಯಮಗಳು ಇವೆ.

ಮುದ್ರೆ ಹೇಳುವುದೆಷ್ಟು?

ಆದರೆ ಆ ಮುದ್ರೆಯನ್ನು ಓದಲು ನಾವು ಕಲಿತಿಲ್ಲ. ಜಗತ್ತಿನಾದ್ಯಂತ ನಡೆಯುವ ಇಂಥ ಪರೀಕ್ಷೆಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತಾನು ಕೊಳ್ಳುವ ಕಂಪ್ಯೂಟರುಗಳನ್ನು ಅಳೆಯಲು ಒಂದು ಕೈಪಿಡಿ ಮಾಡಿತು. ಹೊದಿಕೆಯ ಬಣ್ಣದಿಂದಾಗಿ ಅದು 'ಆರೆಂಜ್ ಬುಕ್' ಎಂದು ಪ್ರಸಿದ್ಧವಾಯಿತು. ಯುರೋಪಿನ ದೇಶಗಳು 1991ರಲ್ಲಿ ತಮ್ಮದೇ ಮಾನದಂಡ ತಂದವು. ಇವೆಲ್ಲವನ್ನು ಒಂದಾಗಿಸಿ 1990ರ ದಶಕದ ಕೊನೆಗೆ ರೂಪುಗೊಂಡದ್ದು 'ಕಾಮನ್ ಕ್ರೈಟೀರಿಯಾ'. ಒಂದು ಸದಸ್ಯ ದೇಶ ಕೊಟ್ಟ ಪ್ರಮಾಣಪತ್ರವನ್ನು ಇನ್ನೊಂದು ಒಪ್ಪಿಕೊಳ್ಳುತ್ತದೆ. 2013ರಿಂದ ಇಂಥ ಪ್ರಮಾಣಪತ್ರ ಕೊಡುವ ಅಧಿಕಾರವುಳ್ಳ ದೇಶಗಳ ಸಾಲಿನಲ್ಲಿ ಭಾರತವೂ ಇದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತನ್ನ ವಸ್ತು ಯಾವ ಅಪಾಯದಿಂದ, ಯಾವ ಸನ್ನಿವೇಶದಲ್ಲಿ ರಕ್ಷಿಸುತ್ತದೆ ಎಂದು ಮೊದಲು ತಯಾರಕನೇ ಬರೆದು ಕೊಡುತ್ತಾನೆ. ಪ್ರಯೋಗಾಲಯ ಆ ಹೇಳಿಕೆ ನಿಜವೇ ಎಂದು ನೋಡುತ್ತದೆ. ಪರೀಕ್ಷೆಯ ಆಳ ಎಷ್ಟು ಎಂಬುದಕ್ಕೆ ಒಂದರಿಂದ ಏಳರವರೆಗೆ ಮಟ್ಟಗಳಿವೆ. ಮಟ್ಟ ಹೆಚ್ಚಿದರೆ ವಸ್ತು ಹೆಚ್ಚು ಭದ್ರ ಎಂದಲ್ಲ. ಹೆಚ್ಚು ಆಳವಾಗಿ ಪರೀಕ್ಷಿಸಲಾಗಿದೆ ಎಂದಷ್ಟೇ ಅರ್ಥ.

2002ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ 2000ಕ್ಕೆ ನಾಲ್ಕನೆಯ ಮಟ್ಟದ ಪ್ರಮಾಣಪತ್ರ ಸಿಕ್ಕಿತು. ವಾಣಿಜ್ಯ ವಸ್ತುವೊಂದಕ್ಕೆ ಅದು ದೊಡ್ಡ ಗೌರವ. ಆದರೆ ಅದು ಅನುಸರಿಸಿದ ಮಾನದಂಡ ಒಂದು ಊಹೆಯ ಮೇಲೆ ನಿಂತಿತ್ತು: ಬಳಸುವವರು ಸದ್ಭಾವದವರು, ವ್ಯವಸ್ಥೆಯನ್ನು ಮುರಿಯಲು ಹಟ ತೊಟ್ಟ ಶತ್ರುಗಳಲ್ಲ. 2003ರ ಆಗಸ್ಟಿನಲ್ಲಿ 'ಬ್ಲಾಸ್ಟರ್' ಎಂಬ ಕಂಪ್ಯೂಟರ್ ಹುಳು ಅದೇ ವಿಂಡೋಸ್ 2000 ಮತ್ತು ಅದರ ತಮ್ಮನಾದ ಎಕ್ಸ್‌ಪಿಗಳಲ್ಲಿ ಜಗತ್ತಿನಾದ್ಯಂತ ಹರಡಿತು. ಪ್ರಮಾಣಪತ್ರ ಸುಳ್ಳಾಗಿರಲಿಲ್ಲ. ಅದು ಉತ್ತರಿಸಿದ ಪ್ರಶ್ನೆಯೇ ಬೇರೆಯಾಗಿತ್ತು. ಕಳ್ಳರಿಲ್ಲದ ಓಣಿಯಲ್ಲಿ ಈ ಬೀಗ ಸಾಕು ಎಂಬ ಪತ್ರವನ್ನು ತೆಗೆದುಕೊಂಡು ಸಂತೆಯ ನಡುವೆ ಮನೆ ಕಟ್ಟಿದಂತಾಯಿತು.

ಮುದ್ರೆ ಎಂದರೆ ಒಂದು ಸಾಕ್ಷ್ಯ. ಇಂಥ ದಿನ, ಇಂಥ ವಸ್ತುವಿನ ಇಂಥ ಮಾದರಿಯನ್ನು, ಇಂಥ ಸ್ಥಿತಿಯಲ್ಲಿ, ಇಂಥ ಪ್ರಶ್ನೆ ಕೇಳಿ ನೋಡಿದೆವು ಎಂಬ ಸಾಕ್ಷ್ಯ. ಅದಕ್ಕಿಂತ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಸಾಕ್ಷಿ ನುಡಿದದ್ದಕ್ಕಿಂತ ಹೆಚ್ಚನ್ನು ಅವನ ಬಾಯಲ್ಲಿ ತುಂಬುವುದು ಕೂಡ ಒಂದು ಬಗೆಯ ಸುಳ್ಳುಸಾಕ್ಷ್ಯವೇ.

ಎರಡು ತಪ್ಪುಗಳು

ಬೆರಳಚ್ಚಿನ ಯಂತ್ರ ಎರಡು ರೀತಿಯಲ್ಲಿ ತಪ್ಪಬಹುದು. ಅಲ್ಲದವನನ್ನು ಹೌದು ಎನ್ನಬಹುದು. ಹೌದಾದವನನ್ನು ಅಲ್ಲ ಎನ್ನಬಹುದು. ಎರಡೂ ನಮ್ಮ ರಾಜ್ಯದಲ್ಲಿ ನಡೆದಿವೆ.

2023ರಲ್ಲಿ ಮಂಗಳೂರು, ಬೆಂಗಳೂರು ಮೊದಲಾದ ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದೆ ಹಣ ಹೋಯಿತು. ಆಧಾರ್ ಸಂಖ್ಯೆ ಮತ್ತು ಬೆರಳಿನಿಂದ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಬೇಕಿಲ್ಲ. ಒಂದು ಸಲಕ್ಕೆ 10 ಸಾವಿರ ರೂಪಾಯಿವರೆಗೆ ತೆಗೆಯಬಹುದು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಹಣ ತೆಗೆಯಲಾಗಿದೆ ಎಂದು ಪೊಲೀಸರು ಕಂಡುಕೊಂಡರು. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಿ ಎಂದು ಜನರಿಗೆ ತಿಳುವಳಿಕೆ ನೀಡಲಾಯಿತು. ಪತ್ರಗಳ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಬಂತು. ಗೆರೆ ಹೊಂದುತ್ತದೆಯೇ ಎಂಬುದರ ಜೊತೆಗೆ ಇದು ಜೀವಂತ ಬೆರಳೇ ಎಂದೂ ನೋಡುವ ಹೊಸ ತಪಾಸಣೆಯನ್ನು ಆಧಾರ್ ಪ್ರಾಧಿಕಾರ ಅದೇ ವರ್ಷದ ಫೆಬ್ರವರಿಯಲ್ಲಿ ಪ್ರಕಟಿಸಿತ್ತು.

ಯಂತ್ರಕ್ಕೆ ಮುದ್ರೆ ಇತ್ತು. ಆದರೆ ಬೆರಳಚ್ಚು ಸೋರಿದ್ದು ಯಂತ್ರದಿಂದಲ್ಲ, ಕಾಗದದಿಂದ. ಬಾಗಿಲಿಗೆ ಗಟ್ಟಿ ಬೀಗ ಹಾಕಿ ಬೀಗದ ಕೈಯ ಚಿತ್ರವನ್ನು ಗೋಡೆಗೆ ಅಂಟಿಸಿದಂತೆ. ಯಂತ್ರವನ್ನು ಪರೀಕ್ಷಿಸುವ ಪ್ರಯೋಗಾಲಯದ ಮೇಜಿನ ಮೇಲೆ ಆ ಗೋಡೆ ಇರಲಿಲ್ಲ.

ಎರಡನೆಯ ತಪ್ಪಿಗೆ ಪತ್ರಿಕೆಗಳಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಹಣ ಕಳೆದುಕೊಂಡವನು ಠಾಣೆಗೆ ಹೋಗುತ್ತಾನೆ. ಅಕ್ಕಿ ಸಿಗದವಳು ಮನೆಗೆ ಹೋಗುತ್ತಾಳೆ. 2016-17ರ ಕೇಂದ್ರ ಆರ್ಥಿಕ ಸಮೀಕ್ಷೆಯೇ ದೃಢೀಕರಣ ವಿಫಲವಾಗುವ ಅಂದಾಜುಗಳನ್ನು ಉಲ್ಲೇಖಿಸಿತ್ತು: ಜಾರ್ಖಂಡಿನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37, ಗುಜರಾತಿನಲ್ಲಿ ಶೇ. 6. ಸರಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುವ ಪ್ರಮಾಣ ಶೇ. 88 ಎಂದು 2018ರ ಮಾರ್ಚಿನಲ್ಲಿ ಪ್ರಾಧಿಕಾರವೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಉಳಿದ ಹನ್ನೆರಡರಲ್ಲಿ ಎಲ್ಲರೂ ಅನ್ನ ಕಳೆದುಕೊಂಡರು ಎಂದಲ್ಲ. ಹಲವರಿಗೆ ಮರುಪ್ರಯತ್ನದಲ್ಲಿ ಸಿಕ್ಕಿರಬಹುದು. ಆದರೆ ಆ ಹನ್ನೆರಡರಲ್ಲಿ ಯಾರಿರುತ್ತಾರೆಂದು ಊಹಿಸುವುದು ಕಷ್ಟವಲ್ಲ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರ ಬೆರಳು ಸವೆಯುವುದಿಲ್ಲ. ಕಳೆ ಕಿತ್ತವರ, ಕಲ್ಲು ಹೊತ್ತವರ, ಬೀಡಿ ಸುತ್ತಿದವರ, ಪಾತ್ರೆ ತಿಕ್ಕಿದವರ ಬೆರಳು ಸವೆಯುತ್ತದೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ಧರ್ಮ ಗೊತ್ತಿಲ್ಲ ಎನ್ನುವುದು ನಿಜ. ಆದರೂ ಅದರ ತಪ್ಪಿನ ಭಾರ ಹೆಚ್ಚು ದುಡಿದವರ ಮೇಲೆಯೇ ಹೆಚ್ಚು ಬೀಳುತ್ತದೆ.

ಇದಕ್ಕೆ ಬರುವ ಆಕ್ಷೇಪ

ನಮ್ಮ ಗೆಳೆಯರೊಬ್ಬರು, ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಈ ಮಾತನ್ನು ಒಪ್ಪಲಿಲ್ಲ. "ಯಂತ್ರ ಬರುವ ಮೊದಲು ಏನು ನಡೆಯುತ್ತಿತ್ತೆಂದು ನಿಮಗೆ ನೆನಪಿಲ್ಲವೇ? ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತುತ್ತಿದ್ದರು. ಒಂದೇ ಮನೆಗೆ ನಾಲ್ಕು ಕಾರ್ಡು. ಗೋಧಿ, ಸೀಮೆಎಣ್ಣೆ ರಾತ್ರೋರಾತ್ರಿ ಮಾಯ. ಅಂಗಡಿಯವನ ದಯೆಯ ಮೇಲೆ ಬಡವ ಬದುಕಬೇಕಿತ್ತು. ಮನುಷ್ಯನಿಗಿಂತ ಯಂತ್ರ ವಾಸಿ. ಅದು ಲಂಚ ಕೇಳುವುದಿಲ್ಲ" ಎಂದರು.

ಈ ವಾದವನ್ನು ತಳ್ಳಿಹಾಕುವಂತಿಲ್ಲ. ಕಳ್ಳತನ ನಿಜವಾಗಿತ್ತು, ಕದ್ದದ್ದು ಬಡವರ ಅನ್ನವನ್ನೇ. ಯಂತ್ರ ಕೆಲವು ಕಳ್ಳದಾರಿಗಳನ್ನು ಮುಚ್ಚಿರುವುದೂ ನಿಜ. ಆದರೆ ಗೆಳೆಯರ ವಾದದಲ್ಲಿ ಒಂದು ಹೆಜ್ಜೆ ತಪ್ಪಿದೆ. ಕಳ್ಳನನ್ನು ಹಿಡಿಯಲು ತಂದ ಯಂತ್ರ ಈಗ ಪರೀಕ್ಷಿಸುತ್ತಿರುವುದು ಯಾರನ್ನು? ಕದ್ದವರು ಅಂಗಡಿಯ ಒಳಗಿದ್ದರು, ಉಗ್ರಾಣದ ದಾರಿಯಲ್ಲಿದ್ದರು. ಬೆರಳು ಇಡಬೇಕಾದವಳು ಪಾಳಿಯಲ್ಲಿ ನಿಂತ ಅಜ್ಜಿ. ಬೆರಳು ಹೊಂದಿದ ಮೇಲೂ ಐದು ಕೆಜಿಯ ಬದಲು ನಾಲ್ಕು ಕೆಜಿ ತೂಗಿ ಕೊಟ್ಟರೆ ಬೆರಳಿನ ಯಂತ್ರಕ್ಕೆ ಅದು ತಿಳಿಯುವುದಿಲ್ಲ.

ಇನ್ನೂ ಮುಖ್ಯವಾದದ್ದು ಸಾಕ್ಷ್ಯದ ಹೊಣೆಯ ಪ್ರಶ್ನೆ. ವಾದ ಮುಂದಿಡುವವನೇ ಅದಕ್ಕೆ ಸಾಕ್ಷ್ಯ ಕೊಡಬೇಕು ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಅಡಿಗಲ್ಲು. ನಮ್ಮ ದೇಶದ ಸಾಕ್ಷ್ಯ ಕಾನೂನಿನ ತತ್ವವೂ ಅದೇ. "ಇವಳು ಅವಳಲ್ಲ" ಎಂದು ವಾದಿಸುತ್ತಿರುವುದು ಯಂತ್ರ. ಹಾಗಿರುವಾಗ ತಾನು ತಾನೇ ಎಂದು ಸಾಬೀತು ಮಾಡುವ ಹೊಣೆ ಅಜ್ಜಿಯ ಮೇಲೆ ಹೇಗೆ ಬಂತು? ಬಂದದ್ದು ಮುದ್ರೆಯಿಂದ. ಯಂತ್ರ ಪ್ರಮಾಣಿತ, ಆದ್ದರಿಂದ ಮನುಷ್ಯ ಸಂಶಯಿತ. ವಸ್ತುವಿನ ಮೇಲೆ ಒತ್ತಿದ ಮುದ್ರೆ ಯಾರಿಗೂ ಕಾಣದಂತೆ ಮನುಷ್ಯನ ಮೇಲಿನ ಆರೋಪಪಟ್ಟಿಯಾಗಿ ಬದಲಾಗಿದೆ. ಕಾನೂನಿನಲ್ಲಿ ಹೀಗಿಲ್ಲ. ಬೆರಳು ಹೊಂದದಿದ್ದರೆ ಪಡಿತರ ನಿರಾಕರಿಸಬಾರದು, ಬೇರೆ ವಿಧಾನದಿಂದ ಗುರುತಿಸಿ ಕೊಡಬೇಕು, ಅದನ್ನು ದಾಖಲಿಸಿಕೊಳ್ಳಬೇಕು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಸುತ್ತೋಲೆ ಕಚೇರಿಯಲ್ಲಿದೆ, ಯಂತ್ರ ಅಂಗಡಿಯಲ್ಲಿದೆ. ಪಾಳಿಯಲ್ಲಿ ನಿಂತವಳ ಕಣ್ಣಿಗೆ ಬೀಳುವುದು ಯಂತ್ರ ಮಾತ್ರ.

ಈ ವ್ಯವಸ್ಥೆಯನ್ನು ನ್ಯಾಯಾಲಯದಲ್ಲಿ ಮೊದಲು ಪ್ರಶ್ನಿಸಿದವರಲ್ಲಿ ಒಬ್ಬರು ನಮ್ಮ ನಾಡಿನವರೇ ಎಂಬುದನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತು ದಾಟಿತ್ತು. ಅವರ ಅರ್ಜಿಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿದು, ಅದರ ಬಳಕೆಗೆ ಕೆಲವು ಮಿತಿಗಳನ್ನು ಹಾಕಿತು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಯಂತ್ರ ಚೆನ್ನಾಗಿದೆಯೇ ಎಂಬುದನ್ನು ಪ್ರಯೋಗಾಲಯ ನೋಡಬಲ್ಲದು. ಮನುಷ್ಯನ ಮುಂದೆ ಈ ಯಂತ್ರವನ್ನು ನಿಲ್ಲಿಸುವುದು ಸರಿಯೇ ಎಂಬುದನ್ನು ಪ್ರಯೋಗಾಲಯ ನೋಡಲಾರದು. ಅದಕ್ಕೆ ಒಬ್ಬ ವೃದ್ಧ ಪ್ರಜೆ ಕೋರ್ಟಿಗೆ ಹೋಗಬೇಕಾಯಿತು.

ಮುದ್ರೆ ಒತ್ತುವ ಕೈ

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಹಿಯಾದದ್ದು. ಪರೀಕ್ಷಿಸುವವನಿಗೇ ವಸ್ತುವಿನಲ್ಲಿ ಸ್ವಾರ್ಥವಿದ್ದರೆ?

ಸ್ವಿಟ್ಜರ್‌ಲೆಂಡಿನ ಕ್ರಿಪ್ಟೋ ಎಜಿ ಎಂಬ ಕಂಪನಿ ದಶಕಗಳ ಕಾಲ ನೂರಕ್ಕೂ ಹೆಚ್ಚು ದೇಶಗಳಿಗೆ ಗುಪ್ತಲಿಪಿಯ ಯಂತ್ರಗಳನ್ನು ಮಾರಿತು. ತಟಸ್ಥ ದೇಶದ ಹೆಸರೇ ಅದರ ಮುದ್ರೆಯಾಗಿತ್ತು. 2020ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಜರ್ಮನಿಯ ಮಾಧ್ಯಮಗಳು ಬಯಲು ಮಾಡಿದಂತೆ, 1970ರಿಂದ ಆ ಕಂಪನಿಯ ಗುಪ್ತ ಒಡೆಯರು ಆ ಎರಡು ದೇಶಗಳ ಬೇಹುಗಾರಿಕೆ ಸಂಸ್ಥೆಗಳೇ ಆಗಿದ್ದರು. ಕೊಂಡವರಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಪರಸ್ಪರ ನಂಬದ ಎರಡು ನೆರೆಮನೆಗಳು ಒಂದೇ ಅಂಗಡಿಯಿಂದ ಬೀಗ ಕೊಂಡಿದ್ದವು. ಕೀಲಿಕೈ ಮೂರನೆಯವನ ಜೇಬಿನಲ್ಲಿತ್ತು.

ಇದು ಕಂಪನಿಯ ಕಥೆಯಾಯಿತು. ಸರಕಾರಿ ಮಾನದಂಡದ ಕಥೆಯೂ ಇದೆ. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2006ರಲ್ಲಿ ಒಪ್ಪಿದ ವಿಧಾನಗಳಲ್ಲಿ ಒಂದಾದ 'ಡ್ಯುಯಲ್ ಇಸಿ'ಯಲ್ಲಿ ಕಳ್ಳಬಾಗಿಲು ಇರಬಹುದೆಂದು 2007ರಲ್ಲೇ ಸಂಶೋಧಕರು ತೋರಿಸಿದ್ದರು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರತಂದ ದಾಖಲೆಗಳಿಂದ ಆ ಸಂಶಯ ಬಲವಾಯಿತು; ಬೆರಳು ಅಲ್ಲಿನ ಬೇಹು ಸಂಸ್ಥೆಯಾದ ಎನ್‌ಎಸ್‌ಎ ಕಡೆಗೆ ತಿರುಗಿತು. 2014ರಲ್ಲಿ ಎನ್‌ಐಎಸ್‌ಟಿ ಆ ವಿಧಾನವನ್ನು ಕೈಬಿಡುವಂತೆ ಸೂಚಿಸಿತು. ಎಂಟು ವರ್ಷ ಅದರ ಮೇಲೆ ಮುದ್ರೆ ಇತ್ತು.

ನಮ್ಮಲ್ಲೂ ಈ ಪ್ರಶ್ನೆ ಎದ್ದಿದೆ. ಸರಕಾರಿ ಸಂಸ್ಥೆಗಳಲ್ಲಿ ಚೀನೀ ಕಂಪನಿಗಳ ಸುಮಾರು 10 ಲಕ್ಷ ಕ್ಯಾಮೆರಾಗಳಿವೆ ಎಂದು 2021ರಲ್ಲಿ ಕೇಂದ್ರ ಸರಕಾರ ಲೋಕಸಭೆಗೆ ತಿಳಿಸಿತು. ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ಪಾಸಾಗಬೇಕೆಂದು 2024ರ ಏಪ್ರಿಲಿನಲ್ಲಿ ಆದೇಶ ಬಂತು. 2025ರ ಏಪ್ರಿಲ್ 9ರಿಂದ ಅದು ಜಾರಿಯಾಯಿತು. ಕ್ಯಾಮೆರಾದೊಳಗಿನ ದೃಶ್ಯ ಪರದೇಶಕ್ಕೆ ಸೋರಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ಸೋರದಂತೆ ಭದ್ರವಾದ ಆ ಕ್ಯಾಮೆರಾ ನಮ್ಮ ಓಣಿಯಲ್ಲಿ ಯಾರನ್ನು, ಎಷ್ಟು ಕಾಲ, ಯಾತಕ್ಕಾಗಿ ನೋಡುತ್ತದೆ? ಮಸೀದಿಯಿಂದ, ಗುಡಿಯಿಂದ, ಸಭೆಯಿಂದ ಹೊರಬರುವವರ ಮುಖಗಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಪರೀಕ್ಷೆಯ ಪಟ್ಟಿಯಲ್ಲಿ ಈ ಪ್ರಶ್ನೆಗಳಿಲ್ಲ. ಹೊರಗಿನ ಕಣ್ಣಿನಿಂದ ರಕ್ಷಿಸುವ ಮುದ್ರೆ ಒಳಗಿನ ಕಣ್ಣಿಗೆ ಲಗಾಮು ಹಾಕುವುದಿಲ್ಲ.

ಇಸ್ಲಾಮೀ ಆಡಳಿತದ ಇತಿಹಾಸದಲ್ಲಿ ಮಾರುಕಟ್ಟೆಯ ತೂಕ, ಅಳತೆ, ಗುಣಮಟ್ಟಗಳನ್ನು ನೋಡಿಕೊಳ್ಳಲು 'ಮುಹ್ತಸಿಬ್' ಎಂಬ ಅಧಿಕಾರಿ ಇರುತ್ತಿದ್ದ. ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಮಾವರ್ದಿ ಆಡಳಿತ ನೀತಿಯ ಕುರಿತ ತನ್ನ ಗ್ರಂಥದಲ್ಲಿ ಈ ಹುದ್ದೆಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಮುಹ್ತಸಿಬ್ ಬಹಿರಂಗವಾಗಿ ಕಾಣುವ ಕೆಡುಕನ್ನು ತಡೆಯಬೇಕೇ ಹೊರತು ಮುಚ್ಚಿದ ಬಾಗಿಲ ಹಿಂದೆ ಇಣುಕಬಾರದು ಎಂಬುದು ಅಲ್ಲಿನ ನಿಲುವು. ಖಲೀಫಾ ಉಮರ್(ರ) ಕುರಿತ ಒಂದು ವರದಿಯೂ ಪ್ರಸಿದ್ಧ. ಒಂದು ಮನೆಯಲ್ಲಿ ತಪ್ಪು ನಡೆಯುತ್ತಿದೆಯೆಂದು ಅವರು ಗೋಡೆ ಹತ್ತಿ ಒಳಗಿಳಿದರಂತೆ. ಸಿಕ್ಕಿಬಿದ್ದವನು, ನಾನು ಮಾಡಿದ್ದು ಒಂದು ತಪ್ಪಾದರೆ ತಾವು ಮೂರು ಮಾಡಿದಿರಿ: ಇಣುಕಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ ಎಂದನಂತೆ. ಖಲೀಫಾ ಅವನ ಮಾತಿಗೆ ಮಣಿದು ಹಿಂದಿರುಗಿದರು. ನಾಡಿನ ಎಲ್ಲ ತಕ್ಕಡಿಗಳನ್ನು ಪರೀಕ್ಷಿಸುವ ಅಧಿಕಾರವಿದ್ದವರೂ ತಮ್ಮನ್ನು ಇನ್ನೊಬ್ಬರ ತಕ್ಕಡಿಯಲ್ಲಿ ತೂಗಲು ಬಿಟ್ಟರು ಎಂಬುದೇ ಈ ವರದಿಯ ಸಾರ.

ಸಾಕ್ಷಿಯನ್ನು ತೂಗುವ ವಿದ್ಯೆ

ಹಾಗಾದರೆ ನಂಬುವುದು ಹೇಗೆ? ಎಲ್ಲವನ್ನೂ ಸಂಶಯಿಸುತ್ತ ಬದುಕಲಾಗದು. ನಂಬಿಕೆಯನ್ನು ತೂಗುವ ಒಂದು ಹಳೆಯ ವಿದ್ಯೆ ನಮ್ಮಲ್ಲೇ ಇದೆ. ಪ್ರವಾದಿವಚನಗಳನ್ನು ಸಂಗ್ರಹಿಸಿದ ಹದೀಸ್ ವಿದ್ವಾಂಸರು ವಚನದ ಜೊತೆಗೆ ಅದನ್ನು ತಂದವರ ಸರಪಳಿಯನ್ನೂ ದಾಖಲಿಸಿದರು. ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಪರೀಕ್ಷಿಸಿದರು. ಅವರು ಮುಖ್ಯವಾಗಿ ಎರಡು ಗುಣಗಳನ್ನು ನೋಡುತ್ತಿದ್ದರು. ಒಂದು 'ಅದಾಲತ್', ಅಂದರೆ ವ್ಯಕ್ತಿಯ ಪ್ರಾಮಾಣಿಕತೆ. ಇನ್ನೊಂದು 'ಝಬ್ತ್', ಅಂದರೆ ಕೇಳಿದ್ದನ್ನು ಚಾಚೂ ತಪ್ಪದೆ ಉಳಿಸಿಕೊಳ್ಳುವ ನಿಖರತೆ. ಎಷ್ಟೇ ಧರ್ಮಿಷ್ಠನಾದರೂ ನೆನಪು ಸಡಿಲವಾಗಿದ್ದರೆ ಅವನ ವರದಿ ದುರ್ಬಲ. ಎಷ್ಟೇ ನೆನಪುಳ್ಳವನಾದರೂ ಸುಳ್ಳುಗಾರನಾದರೆ ಅವನ ವರದಿ ತಿರಸ್ಕೃತ.

ಇನ್ನೂ ಒಂದು ಸೂಕ್ಷ್ಮವಿದೆ. ಕೆಲವರು ವಿಶ್ವಾಸಾರ್ಹರಾಗಿದ್ದು ಮುಪ್ಪಿನಲ್ಲಿ ಅವರ ನೆನಪು ಕಲಸಿಹೋಗುತ್ತಿತ್ತು. ವಿದ್ವಾಂಸರು ಅವರನ್ನು ಪೂರ್ತಿ ಕೈಬಿಡಲಿಲ್ಲ, ಹಳೆಯ ಹೆಸರು ನೋಡಿ ಕಣ್ಣುಮುಚ್ಚಿ ನಂಬಲೂ ಇಲ್ಲ. ನೆನಪು ಕಲಸುವ ಮೊದಲು ಅವರಿಂದ ಕೇಳಿದವರು ಯಾರು, ಆಮೇಲೆ ಕೇಳಿದವರು ಯಾರು ಎಂದು ವಿಂಗಡಿಸಿದರು. ಪ್ರಮಾಣಪತ್ರಕ್ಕೂ ಆಯುಷ್ಯವಿದೆ ಎಂಬುದನ್ನು ಅವರು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು. ಪರೀಕ್ಷೆ ಮುಗಿದ ಮರುದಿನ ತಂತ್ರಾಂಶ ಬದಲಾಗುವ ಈ ಕಾಲಕ್ಕೆ ಇದಕ್ಕಿಂತ ಹೊಂದುವ ಪಾಠ ಇನ್ನೊಂದಿಲ್ಲ.

ಪ್ರಯೋಗಾಲಯ ಯಂತ್ರದಲ್ಲಿ ಅಳೆಯಬಲ್ಲದ್ದು ಝಬ್ತ್ ಮಾತ್ರ. ಅದಾಲತ್ ಯಂತ್ರದಲ್ಲಿ ಇರುವುದಿಲ್ಲ. ಅದು ಇರಬೇಕಾದದ್ದು ತಯಾರಕನಲ್ಲಿ, ಪರೀಕ್ಷಕನಲ್ಲಿ, ಆದೇಶ ಹೊರಡಿಸುವವನಲ್ಲಿ, ಕೊನೆಗೆ ಆ ಹಳ್ಳಿಯ ಅಂಗಡಿಯವನಲ್ಲಿ. ಯಂತ್ರದ ನಿಖರತೆಗೆ ಸಿಕ್ಕ ಮುದ್ರೆಯನ್ನು ಮನುಷ್ಯರ ಪ್ರಾಮಾಣಿಕತೆಯ ಮುದ್ರೆಯೆಂದು ಓದಿದ್ದೇ ನಮ್ಮ ತಪ್ಪು.

ವಿಜಯಪುರದ ಸರಾಫರು

ನಮ್ಮ ಊರಿನ ಹಳೆಯ ಸಂಗತಿಯೊಂದು ನೆನಪಾಗುತ್ತದೆ. ಎರಡನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, ಅಂದರೆ 1656ರಿಂದ 1672ರ ನಡುವೆ, 'ಲಾರಿ' ಎಂಬ ವಿಚಿತ್ರ ನಾಣ್ಯ ಬಿಜಾಪುರದ ರಾಜ್ಯದಲ್ಲಿ ಟಂಕಿಸಲ್ಪಡುತ್ತಿತ್ತು. ಅದು ದುಂಡಗಿನ ಬಿಲ್ಲೆಯಲ್ಲ. ಬೆಳ್ಳಿಯ ತಂತಿಯನ್ನು ಎರಡಾಗಿ ಮಡಚಿ ಚಪ್ಪಟೆ ಮಾಡಿ ಮೇಲೆ ಮುದ್ರೆ ಒತ್ತಿದ್ದು. ಅರಬ್ಬೀ ಸಮುದ್ರದ ವ್ಯಾಪಾರಕ್ಕೆ ಇಂಥ ನಾಣ್ಯಗಳು ಬಳಕೆಯಾಗುತ್ತಿದ್ದವು. ತಂತಿ ಸಣ್ಣದು, ಅಚ್ಚು ದೊಡ್ಡದು. ಆದ್ದರಿಂದ ಸುಲ್ತಾನನ ಹೆಸರು ಪೂರ್ತಿ ಮೂಡುತ್ತಲೇ ಇರಲಿಲ್ಲ. ಅಕ್ಷರಗಳ ತುಂಡು ಮಾತ್ರ ಬೀಳುತ್ತಿತ್ತು.

ಆ ಕಾಲದ ಮಾರುಕಟ್ಟೆಗಳಲ್ಲಿ ನಾಣ್ಯದ ಮೇಲೆ ಅರಸನ ಮುದ್ರೆ ಇದ್ದರೂ ಸರಾಫ ತನ್ನ ಕೆಲಸ ಬಿಡುತ್ತಿರಲಿಲ್ಲ. ತೂಗುತ್ತಿದ್ದ, ಉಜ್ಜಿ ನೋಡುತ್ತಿದ್ದ. ಇದು ಅರಸನಿಗೆ ಅವಮಾನ ಎಂದು ಯಾರೂ ಭಾವಿಸಲಿಲ್ಲ. ಮುದ್ರೆ ಅರಸನ ಹೊಣೆ, ಒರೆಗಲ್ಲು ಮಾರುಕಟ್ಟೆಯ ಹೊಣೆ. ಎರಡೂ ಇದ್ದಾಗಲೇ ನಾಣ್ಯ ಚಲಾವಣೆಯಲ್ಲಿರುತ್ತಿತ್ತು. ಮುದ್ರೆ ಬಿದ್ದದ್ದಕ್ಕೆ ಒರೆಗಲ್ಲು ಯಾಕೆ ಎಂದು ಕೇಳುವ ಅರಸನ ನಾಣ್ಯದಲ್ಲಿ ಬೆಳ್ಳಿ ಕಡಿಮೆಯಾಗುತ್ತ ಹೋಗುವುದು ಚರಿತ್ರೆಯಲ್ಲಿ ಹಲವು ಸಲ ಕಂಡದ್ದು.

ಇಂದು ನಮಗೆ ಬೇಕಾದದ್ದು ಆ ಒರೆಗಲ್ಲು. ಸರಕಾರ ಪ್ರಮಾಣಪತ್ರ ಕೊಡಲಿ. ಜೊತೆಗೆ ಏನನ್ನು ಪರೀಕ್ಷಿಸಿದೆವು, ಏನನ್ನು ಪರೀಕ್ಷಿಸಲಿಲ್ಲ ಎಂಬುದನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಬರೆಯಲಿ. ಸಂಬಂಧವಿಲ್ಲದ ಸಂಶೋಧಕರು ಯಂತ್ರದ ದೋಷ ತೋರಿಸಿದರೆ ಅವರನ್ನು ಅಪರಾಧಿಗಳಂತೆ ನೋಡದಿರಲಿ. ಧಾನ್ಯದ ರಾಶಿಯೊಳಗೆ ಕೈ ಹಾಕುವವರು ಅವರು. ಪ್ರತಿ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಹೊಂದದವರ ಪುಸ್ತಕವೊಂದಿರಲಿ. ಯಾರು ಎಷ್ಟು ಸಲ ಬಂದು ಬರಿಗೈಯಲ್ಲಿ ಹೋದರೆಂದು ತಿಂಗಳಿಗೊಮ್ಮೆ ಅಧಿಕಾರಿಗಳು ನೋಡಲಿ. ವಿಜಯಪುರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿತು ಬೆಂಗಳೂರಿನ ಕಂಪನಿಗಳಿಗೆ ಹೋಗುವ ನಮ್ಮ ಮಕ್ಕಳು, ಪರೀಕ್ಷೆ ಪಾಸಾದರೆ ಸಾಕು ಎನ್ನದೆ, ಇದು ನನ್ನ ಅಜ್ಜಿಯ ಬೆರಳನ್ನು ಗುರುತಿಸುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಲಿ.

ಇನ್ನು ನಮ್ಮ ಪಾಲು. ನೆರೆಯವನು ಹಸಿದಿರುವಾಗ ತಾನು ಉಂಡು ಮಲಗುವವನ ವಿಶ್ವಾಸವನ್ನು ಪ್ರವಾದಿಯವರು(ಸ) ಪ್ರಶ್ನಿಸಿದ್ದಾರೆ. ಪಾಳಿಯಲ್ಲಿ ಒಬ್ಬಳನ್ನು ಯಂತ್ರ ಹೊರಹಾಕಿದಾಗ ನಮ್ಮ ಚೀಲ ತುಂಬಿಸಿಕೊಂಡು ಹೊರಡುವುದು ಸುಲಭ. "ಇವಳು ನಮ್ಮೂರಿನವಳು, ಇವಳನ್ನು ನಾವು ಬಲ್ಲೆವು, ಬರೆದುಕೊಂಡು ಅಕ್ಕಿ ಕೊಡು" ಎಂದು ನಾಲ್ಕು ಜನ ಹೇಳಿದರೆ ಅದೂ ಒಂದು ಪ್ರಮಾಣಪತ್ರವೇ. ನಾಲ್ಕು ಜನ ಕಂಡು ಹೇಳಿದ ಸಾಕ್ಷ್ಯವನ್ನು ನಮ್ಮ ಧರ್ಮವಾಗಲಿ, ಕಾನೂನಾಗಲಿ ಯಂತ್ರದ ಕೆಂಪು ದೀಪಕ್ಕಿಂತ ಕೀಳೆಂದು ಎಲ್ಲೂ ಹೇಳಿಲ್ಲ. ಆ ದಿನ ಪಾಳಿಯಲ್ಲಿದ್ದ ಯಾರೂ ಆ ಮಾತು ಹೇಳಲಿಲ್ಲ. ನಿಂತು ನೋಡಿದ ನಾವೂ ಹೇಳಲಿಲ್ಲ. ಇದನ್ನು ಬರೆಯುವಾಗ ಆ ಮೌನವನ್ನು ಮುಚ್ಚಿಡಲಾರೆವು.

ಆಮೇಲೆ ವಿಚಾರಿಸಿದಾಗ ತಿಳಿಯಿತು: ನಾಲ್ಕನೆಯ ದಿನ ಯಂತ್ರ ಅಜ್ಜಿಯ ಎಡಗೈಯ ನಡುಬೆರಳನ್ನು ಒಪ್ಪಿಕೊಂಡಿತಂತೆ. ಹಸಿರು ದೀಪ ಬಂತು, ಅಕ್ಕಿ ಸಿಕ್ಕಿತು. ಲೆಕ್ಕದಲ್ಲಿ ಅದು ಯಶಸ್ವಿ ದೃಢೀಕರಣ. ಮೊದಲ ಮೂರು ದಿನವೂ ಅವಳು ಅವಳೇ ಆಗಿದ್ದಳು ಎಂಬುದನ್ನು ಯಾವ ಲೆಕ್ಕದಲ್ಲಿ ಬರೆಯುವುದು?